ಹಳೇ ಡೀಸೆಲ್ ಕಾರಿಗೆ ಬಯೋಡೀಸೆಲ್ಲೋ, ಹೊಂಗೆ ಎಣ್ಣೆಯೋ, ಕರಿದ ಎಣ್ಣೆಯೋ?

ಮನೆ ಶೆಡ್ಡಿನಲ್ಲಿ ಹಳೇ ಕ್ವಾಲಿಸ್, ಸುಮೋ, ಇಂಡಿಕಾ ಅಥವಾ ಅಂಬಾಸಿಡರ್ ಡೀಸೆಲ್ ಇಟ್ಟುಕೊಂಡವರು ಬಂಕಿನ ಬಿಲ್ ನೋಡಿದಾಗಲೆಲ್ಲ ಕೇಳುವ ಮಾತಿದು: "ಡೀಸೆಲ್ ಬದಲು ಎಣ್ಣೆ ಹಾಕಿದರೆ ಗಾಡಿ ಓಡುತ್ತದಾ?" ಓಡುತ್ತದೆ. ಅದರಲ್ಲಿ ಅನುಮಾನವೇ ಬೇಡ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಅಲ್ಲಿ ನೆರೆದಿದ್ದವರಲ್ಲಿ ಕೆಲವರಿಗೆ ಮಾತ್ರ ಅದು ಗೊತ್ತಾಗಿತ್ತು ಎಂದು ರುಡಾಲ್ಫ್ ಡೀಸೆಲ್ ಆಮೇಲೆ ಹೇಳಿದ್ದ.

ಆದರೆ ಒಂದು ದಿನ ಓಡುವುದು ಬೇರೆ, ಐದು ವರ್ಷ ಓಡುವುದು ಬೇರೆ. ಎಣ್ಣೆ ಹಾಕಿದ ಎಂಜಿನ್ ಮೊದಲ ದಿನವೇ ಕೆಡುವುದಿಲ್ಲ. ಮೊದಲ ಕೆಲವು ಸಾವಿರ ಕಿಲೋಮೀಟರ್ ಚೆನ್ನಾಗಿಯೇ ಓಡಿ, ಆಮೇಲೆ ನಾಜಲ್, ಪಂಪ್, ರಿಂಗ್ ಒಂದೊಂದಾಗಿ ಕೈಕೊಡುತ್ತವೆ. ಅದಕ್ಕೇ "ನಮ್ಮ ಗಾಡಿಗೆ ಹಾಕಿದ್ವಿ, ಏನೂ ಆಗಲಿಲ್ಲ" ಅನ್ನುವ ಮಾತನ್ನು ನಂಬುವ ಮೊದಲು, ಹಾಕಿ ಎಷ್ಟು ದಿನ ಆಯಿತು ಅಂತ ಕೇಳಬೇಕು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಹಳೇ ಕಾಲದ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆಗಿದ್ದು, ಒಳ್ಳೆಯ ಕಡೆಯಿಂದ ಬಯೋಡೀಸೆಲ್ ಸಿಗುವುದಾದರೆ, ನೂರಕ್ಕೆ 20 ಭಾಗದವರೆಗೆ ಬೆರೆಸಿ ಓಡಿಸಬಹುದು. ಹೊಂಗೆ, ಅಡುಗೆ ಎಣ್ಣೆಯಂಥ ಹಸಿ ಎಣ್ಣೆಯನ್ನು ಕಾರಿಗೆ ಹಾಕಬೇಡಿ. ಸ್ವಿಫ್ಟ್, ಇನ್ನೋವಾದಲ್ಲಿರುವಂಥ ಕಾಮನ್ ರೈಲ್ ಎಂಜಿನ್ ಇದ್ದರೆ ಈ ಯೋಚನೆಯನ್ನೇ ಬಿಡಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಬಾನೆಟ್ ಎತ್ತಿ ನೋಡಿ

ಯಾವ ಎಣ್ಣೆ ಅಂತ ಯೋಚಿಸುವ ಮೊದಲು ಯಾವ ಎಂಜಿನ್ ಅಂತ ತಿಳಿಯಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲನೆಯ ಜಾತಿಯ ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್‌ನಲ್ಲಿರುವ ಒಂದು ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಂಡು, ಅಲ್ಲಿಂದ ಸಿಲಿಂಡರಿಗೆ ನುಗ್ಗುತ್ತದೆ. ಇದನ್ನು ಐಡಿಐ ಅಂದರೆ ಇನ್‌ಡೈರೆಕ್ಟ್ ಇಂಜೆಕ್ಷನ್ ಅನ್ನುತ್ತಾರೆ. ಹಳೇ ಕ್ವಾಲಿಸ್‌ನ 2.4 ಲೀಟರ್ ಎಂಜಿನ್, ಮೊದಲ ಇಂಡಿಕಾದ 1.4 ಲೀಟರ್, ಝೆನ್ ಮತ್ತು ಎಸ್ಟೀಮ್ ಡೀಸೆಲ್‌ನಲ್ಲಿದ್ದ ಪಿಜೋ ಎಂಜಿನ್, ಮಹೀಂದ್ರಾ ಜೀಪುಗಳ ಹಳೇ ಪಿಜೋ ಎಂಜಿನ್ ಎಲ್ಲ ಈ ಜಾತಿಯವು. ಒತ್ತಡ ಕಡಿಮೆ, ನಾಜಲ್ ತೂತು ದೊಡ್ಡದು, ಆ ಪುಟ್ಟ ಕೋಣೆ ಸದಾ ಬಿಸಿಯಾಗಿರುತ್ತದೆ. ಹಾಗಾಗಿ ಸ್ವಲ್ಪ ಮಂದ ಇಂಧನವನ್ನೂ ಸಹಿಸಿಕೊಳ್ಳುತ್ತವೆ. ಅಮೆರಿಕ, ಯುರೋಪಿನಲ್ಲಿ ಎಣ್ಣೆ ಹಾಕಿ ಓಡಿಸುವವರು ಹಳೇ ಮರ್ಸಿಡಿಸ್ ಡಬ್ಲ್ಯು123 ಡೀಸೆಲ್ ಕಾರನ್ನು ಹುಡುಕಿಕೊಂಡು ಹೋಗಿ ಕೊಂಡಿದ್ದೂ ಇದೇ ಕಾರಣಕ್ಕೆ.

ಎರಡನೆಯದು ಡೈರೆಕ್ಟ್ ಇಂಜೆಕ್ಷನ್, ಆದರೆ ಪಂಪ್ ಮೆಕ್ಯಾನಿಕಲ್. ಹಳೇ ಬೊಲೆರೊ ಡಿಐ ಇಂಥದ್ದು. ಗಟ್ಟಿ ಎಂಜಿನ್, ಆದರೆ ಹಸಿ ಎಣ್ಣೆಯ ವಿಷಯದಲ್ಲಿ ಐಡಿಐಗಿಂತ ನಾಜೂಕು. ಸರಿಯಾಗಿ ಉರಿಯದ ಎಣ್ಣೆ ನೇರವಾಗಿ ಪಿಸ್ಟನ್ನಿಗೆ, ಬೋರಿಗೆ ಬಡಿದು ರಿಂಗಿನ ಸಂದಿಯಲ್ಲಿ ಕಾರ್ಬನ್ ಕಟ್ಟುತ್ತದೆ.

ಮೂರನೆಯದು ಕಾಮನ್ ರೈಲ್. ಸ್ವಿಫ್ಟ್ ಡಿಡಿಐಎಸ್, ಇನ್ನೋವಾ ಡಿ-4ಡಿ, ಸ್ಕಾರ್ಪಿಯೊ ಸಿಆರ್‌ಡಿಇ ಎಲ್ಲ ಇದರಲ್ಲಿ ಬರುತ್ತವೆ. ಇವುಗಳಲ್ಲೂ ಎಷ್ಟೋ ಗಾಡಿಗಳಿಗೆ ಈಗ 15 ವರ್ಷ ದಾಟಿದೆ. ಹಾಗಾಗಿ "ಹಳೇ ಕಾರು" ಅಂದಾಕ್ಷಣ ಎಣ್ಣೆಗೆ ಒಗ್ಗುತ್ತದೆ ಅಂದುಕೊಳ್ಳಬೇಡಿ. ಇಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಇಂಜೆಕ್ಟರಿನ ತೂತು ಕೂದಲೆಳೆಯಷ್ಟು. ಒಂದೊಂದು ಇಂಜೆಕ್ಟರ್ ಬದಲಿಸುವ ಖರ್ಚು ವಿಚಾರಿಸಿ ನೋಡಿ, ಎಣ್ಣೆಯ ಆಸೆ ಅಲ್ಲೇ ಇಳಿದುಹೋಗುತ್ತದೆ.

ಪಂಪಿನ ಮೇಲಿರುವ ಪ್ಲೇಟ್ ಕೂಡ ಓದಿ. ಅದರ ಮೇಲೆ ಮೈಕೋ ಅಥವಾ ಬಾಷ್ ಅಂತ ಇದೆಯೋ, ಲ್ಯೂಕಸ್, ಸಿಎವಿ ಅಥವಾ ಡೆಲ್ಫಿ ಅಂತ ಇದೆಯೋ ನೋಡಿ. (ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರನ್ನು ಇವತ್ತಿಗೂ ಮೆಕ್ಯಾನಿಕ್‌ಗಳು ಪಂಪಿಗೇ ಇಟ್ಟು ಕರೆಯುತ್ತಾರೆ. ಕಂಪನಿ 2008ರಲ್ಲೇ ಬಾಷ್ ಆಗಿದೆ.) ಮಂದ ಎಣ್ಣೆಯ ವಿಷಯದಲ್ಲಿ ಬಾಷ್ ಪಂಪುಗಳಿಗೆ ಒಳ್ಳೆಯ ಹೆಸರಿದೆ. ಲ್ಯೂಕಸ್ ಮಾದರಿಯ ರೋಟರಿ ಪಂಪುಗಳು ತಣ್ಣನೆಯ ದಪ್ಪ ಎಣ್ಣೆಗೆ ಬೇಗ ಸೋಲುತ್ತವೆ, ಶಾಫ್ಟ್ ಮುರಿಯುವುದೂ ಉಂಟು.

ಎಣ್ಣೆ ಬೇರೆ, ಬಯೋಡೀಸೆಲ್ ಬೇರೆ

ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ ಜನ. ಎಲ್ಲ ತೊಂದರೆ ಶುರುವಾಗುವುದೇ ಅಲ್ಲಿಂದ.

ಹೊಂಗೆ, ಪಾಮೋಲಿನ್, ಸೂರ್ಯಕಾಂತಿ ಯಾವುದೇ ಇರಲಿ, ಹಸಿ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. 40 ಡಿಗ್ರಿ ಬಿಸಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಮಂದತನ, 2ರಿಂದ 4.5 ಸೆಂಟಿಸ್ಟೋಕ್‌ನೊಳಗೆ ಇದ್ದರೆ, ಹಸಿ ಎಣ್ಣೆಯದು 30–40ರ ಆಸುಪಾಸು. ಹತ್ತು ಪಟ್ಟು. ಡೀಸೆಲ್ ನಾಜಲ್ಲಿನಿಂದ ಮಂಜಿನ ಹಾಗೆ ಬಂದರೆ, ತಣ್ಣನೆಯ ಎಣ್ಣೆ ಹನಿಹನಿಯಾಗಿ ಬರುತ್ತದೆ. ಹನಿ ದೊಡ್ಡದಾದರೆ ಪೂರ್ತಿ ಉರಿಯುವುದಿಲ್ಲ.

ಬಯೋಡೀಸೆಲ್ ಅಂದರೆ ಅದೇ ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ, ಕಾಸ್ಟಿಕ್ ಇಟ್ಟು ರಾಸಾಯನಿಕವಾಗಿ ಒಡೆದು, ಗ್ಲಿಸರಿನ್ ತೆಗೆದ ಮೇಲೆ ಉಳಿಯುವ ತೆಳು ದ್ರವ. ಅದರ ಸ್ನಿಗ್ಧತೆ 3.5ರಿಂದ 5ರೊಳಗೆ ಬರುತ್ತದೆ, ಹೆಚ್ಚುಕಡಿಮೆ ಡೀಸೆಲ್ ಇದ್ದ ಹಾಗೆ. ಎಣ್ಣೆಗೆ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಬೆರೆಸಿ ತೆಳು ಮಾಡಿದರೆ ಅದು ಬಯೋಡೀಸೆಲ್ ಆಗುವುದಿಲ್ಲ. ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ, ಕಾರ್ಬನ್ ಕಟ್ಟುತ್ತದೆ. ಇಂಥ ಮಿಶ್ರಣ ಹೇಳಿಕೊಡುವವರ ಮಾತು ಕೇಳಬೇಡಿ.

ಎಚ್‌ವಿಒ ಅನ್ನುವ ಇನ್ನೊಂದು ಇದೆ. ಎಣ್ಣೆಗೆ ಹೈಡ್ರೋಜನ್ ಕೊಟ್ಟು ಮಾಡುವ, ಡೀಸೆಲ್‌ನಂತೆಯೇ ನಡೆದುಕೊಳ್ಳುವ ಇಂಧನ. ಯುರೋಪಿನಲ್ಲಿರುವ ಕನ್ನಡಿಗರು ಅಲ್ಲಿನ ಬಂಕುಗಳಲ್ಲಿ ನೋಡಿರುತ್ತೀರಿ. ಅಲ್ಲಿ ಹಳೇ ಡೀಸೆಲ್ ಕಾರು ಇದ್ದರೆ ಅದೇ ಒಳ್ಳೆಯದು. ನಮ್ಮ ಊರಿನ ಬಂಕಿನಲ್ಲಿ ಅದು ಸಿಗುವುದಿಲ್ಲ, ಆದ್ದರಿಂದ ಮುಂದೆ ಹೋಗೋಣ.

ಬಯೋಡೀಸೆಲ್: ಲಾಭ ಏನು, ತೊಂದರೆ ಎಲ್ಲಿ

ಬಿ20 ಅಂದರೆ ನೂರರಲ್ಲಿ 20 ಭಾಗ ಬಯೋಡೀಸೆಲ್, 80 ಭಾಗ ಡೀಸೆಲ್. ಬಿ100 ಅಂದರೆ ಪೂರ್ತಿ ಬಯೋಡೀಸೆಲ್. ನಾವು ಬಂಕಿನಲ್ಲಿ ಹಾಕಿಸುವ ಡೀಸೆಲ್‌ಗೇ 7 ಭಾಗದವರೆಗೆ ಬಯೋಡೀಸೆಲ್ ಸೇರಿಸಲು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಅವಕಾಶ ಕೊಡುತ್ತದೆ. 2030ರ ಹೊತ್ತಿಗೆ ದೇಶದಲ್ಲಿ 5 ಭಾಗ ಬೆರೆಸಬೇಕು ಅನ್ನುವುದು ಕೇಂದ್ರದ ಗುರಿ. ಆ ಗುರಿ ಇನ್ನೂ ದೂರ ಇದೆ. ನಮ್ಮ ಕೆಎಸ್‌ಆರ್‌ಟಿಸಿ ಕೂಡ ತನ್ನ ಬಸ್ಸುಗಳಲ್ಲಿ ಬಯೋಡೀಸೆಲ್ ಬೆರಕೆ ಓಡಿಸಿ ನೋಡಿದೆ.

ಹಳೇ ಪಂಪುಗಳಿಗೆ ಬಯೋಡೀಸೆಲ್‌ನಿಂದ ಒಂದು ನಿಜವಾದ ಉಪಕಾರ ಇದೆ. ಅಂಥ ಬಹಳಷ್ಟು ಪಂಪುಗಳೊಳಗೆ ಎಂಜಿನ್ ಆಯಿಲ್ ಹೋಗುವುದಿಲ್ಲ, ಒಳಗಿನ ಭಾಗಗಳಿಗೆ ಡೀಸೆಲ್ಲೇ ಗ್ರೀಸು. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್6 ಡೀಸೆಲ್ ಬಂತು, ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕೆ, ಅಂದರೆ 10 ಪಿಪಿಎಮ್‌ಗೆ ಇಳಿಯಿತು. ಗಾಳಿಗೆ ಒಳ್ಳೆಯದೇ. ಆದರೆ ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುಗುಣವೂ ಹೋಗುತ್ತದೆ. ಎಣ್ಣೆ ಕಂಪನಿಗಳು ಅದಕ್ಕೆ ಬೇರೆ ಅಡಿಟಿವ್ ಸೇರಿಸುತ್ತವೆ. ಬಯೋಡೀಸೆಲ್ ನೂರಕ್ಕೆ ಒಂದೆರಡು ಭಾಗ ಸೇರಿದರೂ ಈ ಜಾರುಗುಣ ಚೆನ್ನಾಗಿ ವಾಪಸ್ ಬರುತ್ತದೆ. ಇಪ್ಪತ್ತು ವರ್ಷ ಹಳೆಯ ಪಂಪಿಗೆ ಇದು ಸಣ್ಣ ವಿಷಯ ಅಲ್ಲ.

ಹೊಗೆಯೂ ಕಡಿಮೆಯಾಗುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2002ರಲ್ಲಿ ದೊಡ್ಡ ಎಂಜಿನ್‌ಗಳ ಲೆಕ್ಕ ಒಟ್ಟುಮಾಡಿ ನೋಡಿದಾಗ, ಬಿ20ಯಲ್ಲಿ ಹೊಗೆಯ ಕಣಗಳು ಸುಮಾರು 10%, ಬಿ100ರಲ್ಲಿ ಸುಮಾರು 47% ಇಳಿದಿದ್ದವು. ನೈಟ್ರೋಜನ್ ಆಕ್ಸೈಡ್ ಮಾತ್ರ ಬಿ20ಯಲ್ಲಿ 2%, ಬಿ100ರಲ್ಲಿ 10% ಏರಿತ್ತು. ಎಮಿಷನ್ ಟೆಸ್ಟಿನಲ್ಲಿ ಬಿಎಸ್4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ಅಳತೆ 65 ಎಚ್‌ಎಸ್‌ಯು ದಾಟಬಾರದು. ಅಂಚಿನಲ್ಲಿ ಓಡುವ ಗಾಡಿಗೆ ಬಿ20 ಸ್ವಲ್ಪ ಸಹಾಯ ಮಾಡಬಹುದು. ನಾಜಲ್ ಕೆಟ್ಟ ಗಾಡಿಗೆ ಯಾವ ಎಣ್ಣೆಯೂ ಔಷಧ ಅಲ್ಲ, ಅದನ್ನು ಮೊದಲು ಟೆಸ್ಟ್ ಮಾಡಿಸಿ.

ಇನ್ನು ತೊಂದರೆಗಳು.

ಮೊದಲು ಕಾಡುವುದು ಫಿಲ್ಟರ್. ಬಯೋಡೀಸೆಲ್‌ಗೆ ಕೊಳೆ ಕರಗಿಸುವ ಗುಣ ಇದೆ. ಹಳೇ ಟ್ಯಾಂಕಿನ ತಳದಲ್ಲಿ, ಪೈಪಿನಲ್ಲಿ ವರ್ಷಗಟ್ಟಲೆ ಕೂತ ಗಸಿಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ತುಂಬುತ್ತದೆ. ಗಾಡಿ ಏರಿನಲ್ಲಿ ದಮ್ಮು ಕಳೆದುಕೊಂಡು ಜರ್ಕ್ ಹೊಡೆಯುತ್ತದೆ. ಜನ ಆಗ "ಬಯೋಡೀಸೆಲ್ ಹಾಕಿದ್ದಕ್ಕೆ ಪಂಪ್ ಹೋಯ್ತು" ಅಂದುಕೊಳ್ಳುತ್ತಾರೆ. ಬಹಳ ಸಲ ಫಿಲ್ಟರ್ ಬದಲಿಸಿದರೆ ಸರಿಹೋಗುತ್ತದೆ. ಆಗುವುದಾದರೆ ಟ್ಯಾಂಕ್ ಇಳಿಸಿ ತೊಳೆಸಿಯೇ ಶುರುಮಾಡಿ. ಮೊದಲ ಕೆಲವು ಟ್ಯಾಂಕ್ ಮುಗಿಯುವ ತನಕ ಡಿಕ್ಕಿಯಲ್ಲಿ ಒಂದು ಹೊಸ ಫಿಲ್ಟರ್, ಅದನ್ನು ಬಿಚ್ಚುವ ಸ್ಪ್ಯಾನರ್ ಇರಲಿ. ಫಿಲ್ಟರ್ ಹಾಕಿದ ಮೇಲೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುವುದನ್ನು ಮೆಕ್ಯಾನಿಕ್ ಹತ್ತಿರ ನಿಂತು ಕಲಿತುಕೊಳ್ಳಿ.

ಎರಡನೆಯದು ರಬ್ಬರ್. ಹಳೇ ಗಾಡಿಗಳ ಹೋಸ್, ಓ-ರಿಂಗ್, ಸೀಲ್ ಎಲ್ಲ ಸಾಮಾನ್ಯ ನೈಟ್ರೈಲ್ ರಬ್ಬರಿನವು. ಬಿ100ಗೆ ಅವು ಊದಿಕೊಂಡು, ಮೆತ್ತಗಾಗಿ, ಕೊನೆಗೆ ಸೋರುತ್ತವೆ. ಬಿ20ಯಲ್ಲಿ ಈ ಕಾಟ ಬಹಳ ಕಡಿಮೆ. ಪಂಪ್ ಹೇಗೂ ಬಿಚ್ಚಿಸುತ್ತಿದ್ದರೆ ಬಯೋಡೀಸೆಲ್ ತಾಳುವ ವಿಟಾನ್ ರಬ್ಬರಿನ ಸೀಲ್ ಕೇಳಿ ಹಾಕಿಸಿ. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಹೋಸ್‌ಗಳನ್ನು ಬೆರಳಲ್ಲಿ ಅದುಮಿ ನೋಡುತ್ತಿರಿ. ಅಂಟುಅಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ತಡಮಾಡಬೇಡಿ. ಹಿತ್ತಾಳೆ, ತಾಮ್ರ, ಸತುವಿನ ಜೊತೆ ಬಯೋಡೀಸೆಲ್ ಬಹಳ ದಿನ ಇದ್ದರೆ ಬೇಗ ಹಳಸುತ್ತದೆ. ತುಂಬಿಡಲು ಗಟ್ಟಿ ಪ್ಲಾಸ್ಟಿಕ್ ಕ್ಯಾನ್ ಸಾಕು. ತಾಮ್ರದ ಪೈಪು, ಜಿಂಕ್ ಲೇಪದ ಡ್ರಮ್ಮು ಬೇಡ.

ಮೂರನೆಯದು ಚಳಿ. ಇದು ಯಾವ ಎಣ್ಣೆಯಿಂದ ಮಾಡಿದ್ದು ಅನ್ನುವುದರ ಮೇಲಿದೆ. ನಮ್ಮ ಹೋಟೆಲುಗಳಲ್ಲಿ ಕರಿಯುವುದು ಹೆಚ್ಚಾಗಿ ಪಾಮೋಲಿನ್‌ನಲ್ಲಿ. ಪಾಮ್ ಎಣ್ಣೆಯ ಬಯೋಡೀಸೆಲ್ 13ರಿಂದ 16 ಡಿಗ್ರಿಯ ಹೊತ್ತಿಗೇ ಮಂಕಾಗಿ ಮೇಣ ಕಟ್ಟಲು ಶುರುಮಾಡುತ್ತದೆ. ಬಳ್ಳಾರಿ, ಮಂಗಳೂರಿನವರಿಗೆ ಇದು ದೊಡ್ಡ ವಿಷಯವೇ ಅಲ್ಲ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಪಾದರಸ ಅದಕ್ಕಿಂತ ಕೆಳಗೆ ಇಳಿಯುವುದುಂಟು. ಅಲ್ಲಿನವರು ಚಳಿಗಾಲದಲ್ಲಿ ಬರಿ ಡೀಸೆಲ್ ಹಾಕಿಕೊಳ್ಳುವುದೇ ಲೇಸು.

ಮೈಲೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿ100ರಲ್ಲಿ ಲೀಟರಿಗೆ ಶಕ್ತಿ ಡೀಸೆಲ್‌ಗಿಂತ ಸುಮಾರು 8% ಕಡಿಮೆ, ಬಿ20ಯಲ್ಲಿ ಒಂದೆರಡು ಭಾಗ ಅಷ್ಟೇ. ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ.

ಹೊಂಗೆ ಎಣ್ಣೆ ನೇರವಾಗಿ ಹಾಕಿದರೆ?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದು ಚರಿತ್ರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ 'ಸೂತ್ರ' ತಂಡ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ, ಬೋರ್‌ವೆಲ್ ನೀರೆತ್ತಿ ತೋರಿಸಿತು. ಆಮೇಲೆ 2007ರಲ್ಲಿ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಬಂತು. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಗಿಡಗಳನ್ನು ಹೊಲದ ಬದುವಿನಲ್ಲಿ ನೆಡಿಸುವ ಕೆಲಸ ಊರೂರಲ್ಲಿ ನಡೆಯಿತು. ಈ ಪ್ರಯತ್ನಗಳ ಮೇಲೆ ನನಗೆ ತುಂಬ ಗೌರವ ಇದೆ. ಊರಿನ ಮರದ ಬೀಜದಿಂದ ಊರಿನ ಹೊಲಕ್ಕೆ ನೀರು ಹರಿಸುವುದು ಎಷ್ಟು ಒಳ್ಳೆಯ ಕೆಲಸ ಅಲ್ವಾ?

ಆದರೆ ಜನರೇಟರಿನ ಅನುಭವವನ್ನು ಹಾಗೇ ತಂದು ಕಾರಿಗೆ ಹಾಕಿದರೆ ತಪ್ಪಾಗುತ್ತದೆ. ಜನರೇಟರ್, ಪಂಪ್‌ಸೆಟ್ ಎಂಜಿನ್ ಒಂದು ಸಲ ಶುರುವಾದರೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ, ಒಳ್ಳೆಯ ಲೋಡಿನಲ್ಲಿ, ಚೆನ್ನಾಗಿ ಬಿಸಿಯಾಗಿ ಓಡುತ್ತದೆ. ಬಿಸಿ ಎಂಜಿನ್‌ನಲ್ಲಿ ಎಣ್ಣೆ ಚೆನ್ನಾಗಿ ಉರಿಯುತ್ತದೆ. ನಮ್ಮ ಕಾರಿನ ಓಡಾಟ ಹೇಗಿರುತ್ತದೆ? ಬೆಳಗ್ಗೆ ಮಗುವನ್ನು ಸ್ಕೂಲಿಗೆ ಬಿಡುವುದು, ಅಲ್ಲಿಂದ ಮಾರ್ಕೆಟ್ಟು, ಸಿಗ್ನಲ್ಲಿನಲ್ಲಿ ನಿಂತು ಐಡ್ಲಿಂಗು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಕೀ ತಿರುಗಿಸಿ ಆಫ್. ಹಸಿ ಎಣ್ಣೆಗೆ ಇದಕ್ಕಿಂತ ಕೆಟ್ಟ ಓಡಾಟ ಇನ್ನೊಂದಿಲ್ಲ. ನಾಜಲ್ ತುದಿಯಲ್ಲಿ ಕಾರ್ಬನ್ ಹೂವಿನಂತೆ ಅರಳುತ್ತದೆ. ಉರಿಯದ ಎಣ್ಣೆ ರಿಂಗ್ ದಾಟಿ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಅಲ್ಲಿ ಬಿಸಿಗೆ ಗಟ್ಟಿಯಾಗುತ್ತಾ ಹೋಗಿ, ಕೊನೆಗೆ ಆಯಿಲ್ ಅಂಬಲಿಯಂತಾದರೆ ಬೇರಿಂಗ್‌ಗಳ ಕಥೆ ಮುಗಿದಂತೆ.

ಸರಿಯಾಗಿ ಮಾಡುವವರು ಎರಡು ಟ್ಯಾಂಕ್ ಇಡುತ್ತಾರೆ. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಎಣ್ಣೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರ್ ನೀರು 70 ಡಿಗ್ರಿ ದಾಟಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಹೋಗುತ್ತಾರೆ. ಆ ಬಿಸಿ ನೀರಿನ ಪೈಪು ಎಣ್ಣೆಯ ಟ್ಯಾಂಕ್, ಫಿಲ್ಟರ್ ಸುತ್ತ ಹೋಗಿ ಎಣ್ಣೆಯನ್ನು ತೆಳುಮಾಡುತ್ತದೆ. ನಿಲ್ಲಿಸುವುದಕ್ಕೆ ಒಂದೆರಡು ಕಿಲೋಮೀಟರ್ ಮೊದಲು ಮತ್ತೆ ಡೀಸೆಲ್‌ಗೆ ಬಂದು, ಪಂಪ್ ಮತ್ತು ನಾಜಲ್ಲಿನಲ್ಲಿರುವ ಎಣ್ಣೆ ಖಾಲಿ ಮಾಡಿ ಆಫ್ ಮಾಡುತ್ತಾರೆ. ಜರ್ಮನಿಯಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಗೆ ಇಂಧನವಾಗಿ ಪ್ರತ್ಯೇಕ ಮಾನದಂಡವನ್ನೇ ಬರೆದಿದ್ದಾರೆ. ಅಲ್ಲಿನ ಎಲ್ಸ್‌ಬೆಟ್ ಅನ್ನುವ ಕಂಪನಿ ಒಂದೇ ಟ್ಯಾಂಕಿನಲ್ಲಿ ಎಣ್ಣೆ ಓಡಿಸುವ ಕಿಟ್ ಮಾರುತ್ತಿತ್ತು. ಒಮ್ಮೆ ಹತ್ತಿದರೆ ನೂರಾರು ಕಿಲೋಮೀಟರ್ ಹೈವೇಯಲ್ಲೇ ಓಡಿಸುವವರಿಗೆ ಇದೆಲ್ಲ ಒಗ್ಗುತ್ತದೆ. ಜೊತೆಗೆ ಎಂಜಿನ್ ಆಯಿಲನ್ನು ಅರ್ಧ ಅವಧಿಗೇ ಬದಲಿಸಬೇಕು. ಇಷ್ಟು ಶಿಸ್ತು ದಿನಾ ಪಾಲಿಸುವವರು ಕಡಿಮೆ, ಮನೆಯಲ್ಲಿ ಇನ್ನೊಬ್ಬರು ಗಾಡಿ ತೆಗೆದರಂತೂ ಕೇಳುವುದೇ ಬೇಡ.

ಹೊಂಗೆಯಲ್ಲಿ ಇನ್ನೊಂದು ಲೆಕ್ಕ ಇದೆ. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಸುಮಾರು 4 ಕೆಜಿ ಬೀಜ ಬೇಕು. ತಿಂಗಳಿಗೆ 50 ಲೀಟರ್ ಅಂದರೆ ವರ್ಷಕ್ಕೆ 600 ಲೀಟರ್, ಅಂದರೆ 2,400 ಕೆಜಿ ಬೀಜ. ಮರಕ್ಕೆ 20 ಕೆಜಿ ಅಂತ ಹಿಡಿದರೂ 120 ಬೆಳೆದ ಮರ ಬೇಕು, ಆರಿಸುವ, ಬಡಿದು ಸಿಪ್ಪೆ ಬಿಡಿಸುವ ಆಳು ಬೇಕು. ಬದುವಿನಲ್ಲಿ ನಾಲ್ಕಾರು ಮರ ಇರುವವರು ಬೀಜವನ್ನೇ ಮಾರುವುದು, ಇಲ್ಲವೇ ಗಾಣಕ್ಕೆ ಹಾಕಿ ಎಣ್ಣೆ ಮಾರಿ ಹಿಂಡಿಯನ್ನು ಗೊಬ್ಬರಕ್ಕೆ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ತೋಟದಲ್ಲಿ ಹಳೇ ನಿಧಾನ ವೇಗದ ಪಂಪ್‌ಸೆಟ್ ಇದ್ದರೆ, ಚೆನ್ನಾಗಿ ಸೋಸಿದ ಹೊಂಗೆ ಎಣ್ಣೆಗೆ ಕಾರಿಗಿಂತ ಅದೇ ಸರಿಯಾದ ಜಾಗ.

ಕರಿದ ಎಣ್ಣೆ

ಹೊಸ ಅಡುಗೆ ಎಣ್ಣೆಯ ಮಾತೇ ಬೇಡ. ಅಂಗಡಿಯಲ್ಲಿ ಅದು ಡೀಸೆಲ್‌ಗಿಂತ ದುಬಾರಿ, ಮೇಲಾಗಿ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದ್ದೇವೆ. ಊಟದ ಎಣ್ಣೆಯನ್ನು ಟ್ಯಾಂಕಿಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಬೋಂಡಾ, ಚಿಪ್ಸ್ ಕರಿದು ಕಪ್ಪಾದ ಎಣ್ಣೆಯ ವಿಷಯ ಬೇರೆ. ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಟಿಪಿಸಿ, 25% ದಾಟಿದರೆ ಅದರಲ್ಲಿ ಕರಿಯಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈನಿಂದ ನಿಯಮ ತಂದಿದೆ. ಅದೇ ವರ್ಷ ಈ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ 'ರೂಕೊ' ಯೋಜನೆಯನ್ನೂ ಶುರುಮಾಡಿತು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವ ಹೋಟೆಲುಗಳು ಲೆಕ್ಕ ಇಟ್ಟು, ಅನುಮತಿ ಇರುವ ಸಂಗ್ರಹಗಾರರಿಗೇ ಕೊಡಬೇಕು. ಇದು ಬಹಳ ಒಳ್ಳೆಯ ವ್ಯವಸ್ಥೆ. ಆ ಎಣ್ಣೆ ಮತ್ತೆ ಬೀದಿ ಬದಿಯ ಬಾಣಲೆಗೆ ಹೋಗುವುದು ತಪ್ಪುತ್ತದೆ, ತಿನ್ನುವವರ ಆರೋಗ್ಯ ಉಳಿಯುತ್ತದೆ. ಕಾರಿನ ಲೆಕ್ಕಕ್ಕಿಂತ ಇದೇ ದೊಡ್ಡದು.

ಕರಿದ ಎಣ್ಣೆಯನ್ನು ಸುಮ್ನೆ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕುವುದು ಹೊಂಗೆ ಎಣ್ಣೆ ಹಾಕುವುದಕ್ಕಿಂತ ಕೆಟ್ಟದ್ದು. ಅದರಲ್ಲಿ ನೀರಿದೆ, ಉಪ್ಪಿದೆ, ಹಿಟ್ಟಿನ ಪುಡಿ ಇದೆ, ಹುಳಿ ಜಾಸ್ತಿ ಇದೆ. ನೀರು ಇದೆಯೋ ಇಲ್ಲವೋ ನೋಡಬೇಕಾದರೆ ಒಂದು ಚಮಚ ಎಣ್ಣೆಯನ್ನು ಬಿಸಿ ತವಾದ ಮೇಲೆ ಬಿಡಿ. ಚಟಪಟ ಅಂದರೆ ನೀರಿದೆ. ಆ ಹನಿ ನೀರು ಪಂಪಿನೊಳಗೆ ತುಕ್ಕು ಹಿಡಿಸುತ್ತದೆ. ಮಂಗಳೂರು ಕಡೆಯ ಕೊಬ್ಬರಿ ಎಣ್ಣೆ ಸೇರಿದ್ದರಂತೂ 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ.

ಮನೆಯಲ್ಲೇ ಬಯೋಡೀಸೆಲ್ ಮಾಡುವುದು? ವಿಧಾನ ಕೇಳಲು ಸುಲಭ. ಲೀಟರ್ ಎಣ್ಣೆಗೆ ಸುಮಾರು 200 ಎಂಎಲ್ ಮೆಥನಾಲ್, ಎಣ್ಣೆಯ ಹುಳಿ ಅಳೆದು ಅದಕ್ಕೆ ತಕ್ಕಷ್ಟು ಕಾಸ್ಟಿಕ್ ಸೋಡಾ, 55–60 ಡಿಗ್ರಿ ಬಿಸಿಯಲ್ಲಿ ಕಲಕಬೇಕು. ಗ್ಲಿಸರಿನ್ ತಳಕ್ಕೆ ಕೂತ ಮೇಲೆ ಮೇಲಿನದನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ಹುಳಿ ಜಾಸ್ತಿ ಇದ್ದರೆ ಬಯೋಡೀಸೆಲ್ ಬದಲು ಸೋಪು ಕೈಗೆ ಬರುತ್ತದೆ. ಹೊಂಗೆ ಎಣ್ಣೆಯಲ್ಲಿ ಹುಳಿ ಹೆಚ್ಚಿರುವುದರಿಂದ ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಇನ್ನೊಂದು ಹಂತ ಮಾಡಬೇಕಾಗುತ್ತದೆ. ಮೆಥನಾಲ್ ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. 65 ಡಿಗ್ರಿಗೇ ಕುದಿಯುತ್ತದೆ. ಅದನ್ನು ಕೊಳ್ಳಲು, ಇಟ್ಟುಕೊಳ್ಳಲು ಸರ್ಕಾರದ ಕಟ್ಟುಪಾಡು ಬೇರೆ ಇದೆ. ಮಕ್ಕಳು ಓಡಾಡುವ ಮನೆಯ ಹಿತ್ತಲಲ್ಲಿ, ಗ್ಯಾಸ್ ಒಲೆ ಪಕ್ಕದಲ್ಲಿ ಇದನ್ನು ಮಾಡಲೇಬಾರದು. ನಿಮ್ಮ ಹೋಟೆಲ್ಲಿನ ಕರಿದ ಎಣ್ಣೆಯನ್ನು ಸಂಗ್ರಹಗಾರರಿಗೆ ಮಾರಿ, ಆ ಹಣದಲ್ಲಿ ಡೀಸೆಲ್ ಹಾಕಿಸಿಕೊಳ್ಳಿ.

ಕೊಳ್ಳುವಾಗ ಮೋಸ ಹೋಗಬೇಡಿ

ಹೈವೇ ಬದಿಯಲ್ಲಿ ಟ್ಯಾಂಕರ್ ನಿಲ್ಲಿಸಿಕೊಂಡು "ಬಯೋಡೀಸೆಲ್" ಅಂತ ಅಗ್ಗಕ್ಕೆ ಮಾರುವ ದಂಧೆ ನಮ್ಮ ದೇಶದಲ್ಲಿ ಜೋರಾಗಿ ನಡೆದಿದೆ. ಗುಜರಾತಿನಲ್ಲಿ ಪೊಲೀಸರು ಮೇಲಿಂದ ಮೇಲೆ ದಾಳಿ ಮಾಡಿದ್ದಾರೆ. ಅದರಲ್ಲಿ ಬಹಳಷ್ಟು ಬಯೋಡೀಸೆಲ್ಲೇ ಅಲ್ಲ, ಕಾರ್ಖಾನೆಗೆ ಬಳಸುವ ಪೆಟ್ರೋಲಿಯಂ ಎಣ್ಣೆಗಳ ಬೆರಕೆ.

ಇದನ್ನು ಕಂಡುಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಉದ್ದನೆಯ ಗಾಜಿನ ಟ್ಯೂಬಿನಲ್ಲಿ 27 ಎಂಎಲ್ ಮೆಥನಾಲ್‌ಗೆ 3 ಎಂಎಲ್ ಬಯೋಡೀಸೆಲ್ ಹಾಕಿ, ಮುಚ್ಚಿ ಅಲ್ಲಾಡಿಸಿ, ಅರ್ಧ ಗಂಟೆ ಬಿಡಬೇಕು. ನಿಜವಾದ, ಪೂರ್ತಿ ಆದ ಬಯೋಡೀಸೆಲ್ ಮೆಥನಾಲ್‌ನಲ್ಲಿ ಕರಗಿ ತಿಳಿಯಾಗಿ ನಿಲ್ಲುತ್ತದೆ. ಅರ್ಧಂಬರ್ಧ ಮಾಡಿದ್ದಾದರೆ ಒಡೆಯದೆ ಉಳಿದ ಎಣ್ಣೆ ಹನಿಯಾಗಿ ತಳಕ್ಕೆ ಕೂರುತ್ತದೆ. ಪೆಟ್ರೋಲಿಯಂ ಎಣ್ಣೆ ಬೆರೆಸಿದ್ದರೂ ಅದು ಸರಿಯಾಗಿ ಕರಗದೆ ಬೇರೆಯಾಗುತ್ತದೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರು ಪರಿಚಯ ಇದ್ದರೆ ಅಲ್ಲೇ ಮಾಡಿಸಿ. ಇನ್ನೊಂದು, ಬಾಟಲಿಯಲ್ಲಿ ಅರ್ಧ ಬಯೋಡೀಸೆಲ್, ಅರ್ಧ ನೀರು ಹಾಕಿ ಜೋರಾಗಿ ಕುಲುಕಿ. ಸ್ವಲ್ಪ ಹೊತ್ತಿನಲ್ಲಿ ಎರಡೂ ಸ್ವಚ್ಛವಾಗಿ ಬೇರೆಯಾಗಬೇಕು. ನಡುವೆ ಮಜ್ಜಿಗೆಯಂಥ ಬಿಳಿ ಪದರ ಉಳಿದರೆ ಸೋಪು ಇದೆ ಅಂತ ಅರ್ಥ, ಅದು ಬೇಡ.

ಎಲ್ಲಕ್ಕಿಂತ ಮೊದಲು ಮಾರುವವರ ಹತ್ತಿರ ಐಎಸ್ 15607 ಪ್ರಕಾರದ ಟೆಸ್ಟ್ ರಿಪೋರ್ಟ್ ಕೇಳಿ. ಬಿ100 ಬಯೋಡೀಸೆಲ್‌ನ ಭಾರತದ ಮಾನದಂಡ ಅದು. ತೋರಿಸದಿದ್ದರೆ ವಾಪಸ್ ಬನ್ನಿ.

ಕಾನೂನು

2019ರ ಏಪ್ರಿಲ್‌ನಲ್ಲಿ ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಾಹನಗಳ ವಿಷಯದಲ್ಲಿ ಬಯೋಡೀಸೆಲ್ ಮಾರುವುದು ಡೀಸೆಲ್‌ಗೆ ಬೆರೆಸುವುದಕ್ಕಾಗಿ. ಮಾರುವವರು ನೋಂದಣಿ ಮಾಡಿಸಿರಬೇಕು. ಎರಡನೇ ಟ್ಯಾಂಕ್, ಬಿಸಿನೀರಿನ ಪೈಪು ಅಂತ ಗಾಡಿಯನ್ನು ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಆರ್‌ಟಿಒ ಒಪ್ಪಿಗೆ ಬೇಕು. 15 ವರ್ಷದ ಆರ್‌ಸಿ ಮುಗಿದು ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಯೇ ನೋಡುತ್ತಾರೆ. ಅಪಘಾತ ಆಗಿ ಬೆಂಕಿ ಹತ್ತಿದರೆ ಇನ್ಶೂರೆನ್ಸ್‌ನವರೂ ಕೇಳುತ್ತಾರೆ.

ದುಡ್ಡು ಉಳಿಯುತ್ತದಾ?

ತಿಂಗಳಿಗೆ 700 ಕಿಲೋಮೀಟರ್, ಲೀಟರಿಗೆ 14 ಕಿಲೋಮೀಟರ್ ಅಂದರೆ 50 ಲೀಟರ್. ಡೀಸೆಲ್ 90 ರೂಪಾಯಿ ಅಂತ ಹಿಡಿದರೆ 4,500 ರೂಪಾಯಿ. ಬಯೋಡೀಸೆಲ್ 10 ರೂಪಾಯಿ ಕಡಿಮೆಗೆ ಸಿಕ್ಕಿತು ಅನ್ನೋಣ. ಬಿ20ಗೆ 10 ಲೀಟರ್ ಸಾಕು, ಅಂದರೆ ಉಳಿದಿದ್ದು 100 ರೂಪಾಯಿ. ಮೈಲೇಜ್ ನೂರಕ್ಕೆ ಒಂದೂವರೆ ಭಾಗ ಇಳಿದಿದ್ದಕ್ಕೆ 66 ರೂಪಾಯಿ ಹೋಯಿತು. ಕೈಯಲ್ಲಿ ಉಳಿದದ್ದು 34 ರೂಪಾಯಿ. ಒಂದು ಹೆಚ್ಚುವರಿ ಫಿಲ್ಟರ್ ಬದಲಿಸಿದರೆ ಎಷ್ಟೋ ತಿಂಗಳ ಉಳಿತಾಯ ಅಲ್ಲಿಗೇ ಮುಗಿಯುತ್ತದೆ.

ಹಾಗಾಗಿ ದುಡ್ಡಿಗಾಗಿ ಬಯೋಡೀಸೆಲ್‌ಗೆ ಹೋಗಬೇಡಿ ಅನ್ನುತ್ತೇನೆ. ಪಂಪಿಗೆ ಒಳ್ಳೆಯದು, ಹೊಗೆ ಕಡಿಮೆ, ಕರಿದ ಎಣ್ಣೆಗೆ ಒಂದು ದಾರಿ ಆಗುತ್ತದೆ ಅನ್ನುವುದು ನಿಮಗೆ ಮುಖ್ಯ ಅನಿಸಿದರೆ ಹೋಗಿ. ಇನ್ನು ಹಸಿ ಎಣ್ಣೆ ಪುಕ್ಕಟೆ ಸಿಕ್ಕರೂ, ಒಮ್ಮೆ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸುವ, ನಾಲ್ಕು ನಾಜಲ್ ಬದಲಿಸುವ ಎಸ್ಟಿಮೇಟ್ ಮೊದಲೇ ಕೇಳಿಟ್ಟುಕೊಳ್ಳಿ.

ಯಾರಿಗೆ ಯಾವುದು

ದಿನಾ ಊರೊಳಗೆ ನಾಲ್ಕೈದು ಕಿಲೋಮೀಟರ್ ಓಡಾಡುವ ಇಂಡಿಕಾ, ಝೆನ್ ಡೀಸೆಲ್‌ನವರು ಬಂಕಿನ ಡೀಸೆಲ್ಲೇ ಹಾಕಿ, ಫಿಲ್ಟರ್ ಸಮಯಕ್ಕೆ ಬದಲಿಸಿ. ಹೈವೇ ಓಡಾಟ ಇರುವ ಕ್ವಾಲಿಸ್, ಸುಮೋ, ಹಳೇ ಜೀಪಿನವರಿಗೆ ರಿಪೋರ್ಟ್ ಇರುವ ಬಯೋಡೀಸೆಲ್ ಹತ್ತಿರದಲ್ಲೇ ಸಿಗುವುದಾದರೆ ಬಿ10ರಿಂದ ಶುರುಮಾಡಿ, ಫಿಲ್ಟರ್ ತಹಬಂದಿಗೆ ಬಂದ ಮೇಲೆ ಬಿ20ಗೆ ಹೋಗಿ, ಅಲ್ಲೇ ನಿಲ್ಲಿಸಿ. ಬಿ100 ಬೇಕು ಅನ್ನುವವರು ಮೊದಲು ಸೀಲ್, ಹೋಸ್ ಎಲ್ಲ ಬದಲಿಸಿರಬೇಕು. ಬೊಲೆರೊ ಡಿಐನವರು ಬಿ20 ದಾಟಬೇಡಿ. ಸ್ವಿಫ್ಟ್, ಇನ್ನೋವಾದವರು ಬಂಕು ಬಿಟ್ಟು ಬೇರೆ ಕಡೆ ನೋಡಬೇಡಿ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಇನ್ನೊಂದು ನೆನಪಿಡಿ. ಬಯೋಡೀಸೆಲ್ ಗಾಳಿಯ ತೇವ ಹೀರುತ್ತದೆ, ಆರು ತಿಂಗಳಲ್ಲಿ ಹಳಸುತ್ತದೆ, ನೀರು ಸೇರಿದರೆ ಟ್ಯಾಂಕಿನಲ್ಲಿ ಪಾಚಿಯಂಥ ಲೋಳೆ ಬೆಳೆಯುತ್ತದೆ. ನಿಲ್ಲಿಸುವ ಮೊದಲಿನ ಎರಡು ಟ್ಯಾಂಕ್ ಬರಿ ಡೀಸೆಲ್‌ನಲ್ಲಿ ಓಡಿಸಿ, ಟ್ಯಾಂಕ್ ಭರ್ತಿ ಮಾಡಿ ನಿಲ್ಲಿಸಿ. ವಾಪಸ್ ಬಂದಾಗ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡಿ.